ಎಲೆ ಮುಂದೆ ಕೂತವರನ್ನು ಎಬ್ಬಿಸಬಾರದು

ಕಂಪ್ಯೂಟರ್ ಕೆಟ್ಟು ನಿಂತ ದಿನ ಯಾರಿಗೂ ನಗು ಬರೋದಿಲ್ಲ. ಕಂಪ್ಯೂಟರೂ ನೆಟ್ಟಗಿದ್ದು, ಜನರೂ ನೆಟ್ಟಗಿದ್ದು, ಇಬ್ಬರಿಗೂ ಹೊಂದಾಣಿಕೆ ಆಗದೆ ಹೋಗತ್ತಲ್ಲ, ಅಂಥ ದಿನಗಳೇ ಬೇರೆ. ನನ್ನ ನೌಕರಿಯ ಮೊದಲ ವರ್ಷಗಳಲ್ಲಿ ಅವು ಬರ್ತಾನೇ ಇದ್ದವು, ಅದೂ ಹುಡುಕಿಕೊಂಡು ಶುಕ್ರವಾರವೇ ಬರ್ತಿದ್ದವು.

ಎರಡು ಸಾವಿರದ ಇಸವಿಯ ಆಚೀಚೆ ಅನ್ನಿ. ಜೆ.ಪಿ. ನಗರದಲ್ಲಿ ಒಂದು ಪಾತ್ರೆ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಕುಕ್ಕರ್ ಬಿದ್ದರೆ ಮೇಲೆ ನಮ್ಮ ಎದೆ ಧಸಕ್ಕೆನ್ನೋದು. ಮದುವೆ ಛತ್ರಗಳನ್ನ ಇಂಟರ್‌ನೆಟ್‌ನಲ್ಲಿ ಬುಕ್ ಮಾಡೋ ವೆಬ್‌ಸೈಟ್ ನಮ್ಮದು. ಜಯನಗರ, ಬನಶಂಕರಿ ಕಡೆಯ ಛತ್ರಗಳ ಮಾಲೀಕರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡು, ಆ ಕೆಲಸವನ್ನ ನಮಗೆ ಕೊಟ್ಟಿದ್ದರು. ಅದು ಬಿಟ್ಟರೆ ನಮಗೆ ಬೇರೆ ಹೇಳಿಕೊಳ್ಳೋ ಅಂಥ ಗಿರಾಕಿ ಇರಲಿಲ್ಲ. "ಈ ಕಾಂಟ್ರಾಕ್ಟ್ ಹೋದ್ರೆ ಕೆಳಗಿನ ಅಂಗಡೀಲಿ ಕುಕ್ಕರ್ ಮಾರಬೇಕಾಗತ್ತೆ ಕಣ್ರೀ" ಅಂತ ನಮ್ಮ ಬಾಸ್ ದಿನಾ ಹೇಳ್ತಿದ್ದರು.

ಆಫೀಸಿನಲ್ಲಿ ಮುಖ್ಯವಾಗಿ ಮೂರು ಜನ. ಬಾಸ್, ನಾನು, ಆಮೇಲೆ ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಹುಬ್ಬಳ್ಳಿಯ ಸಹೋದ್ಯೋಗಿ. ಸೈಟನ್ನ ನಡೆಸೋ ಕಂಪ್ಯೂಟರ್‌ಗಳ, ಅಂದರೆ ಸರ್ವರ್‌ಗಳ ಜವಾಬ್ದಾರಿ ನನ್ನದು. ಸರ್ವರ್ ಎರಡಿದ್ದವು. ಹುಬ್ಬಳ್ಳಿಯವನು ಅವಕ್ಕೆ ಅಣ್ಣ, ತಮ್ಮ ಅಂತ ಹೆಸರಿಟ್ಟಿದ್ದ. ಅವೆರಡರ ಮುಂದೆ ಲೋಡ್ ಬ್ಯಾಲೆನ್ಸರ್ ಅಂತ ಒಂದು ಪೆಟ್ಟಿಗೆ. ಬಂದ ಜನರನ್ನ ಅಣ್ಣನ ಹತ್ತಿರ ಇಷ್ಟು, ತಮ್ಮನ ಹತ್ತಿರ ಇಷ್ಟು ಅಂತ ಹಂಚೋದು ಅದರ ಕೆಲಸ. ಕೇಳೋಕೆ ಎಷ್ಟು ಸಲೀಸು ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಮತ್ತೆ ಉಪ್ಪಿನಿಂದ ಶುರು

ಸೈಟ್ ಶುರುವಾದ ಹೊಸದರಲ್ಲೇ ಸಂಘದ ಅಧ್ಯಕ್ಷರು ಮೆಟ್ಟಿಲು ಹತ್ತಿಕೊಂಡು ಬಂದರು. ಜಯನಗರದಲ್ಲಿ ಅವರದೇ ಒಂದು ಛತ್ರ. ಬಿಳಿ ಷರ್ಟು, ಹಣೆಯಲ್ಲಿ ಅಕ್ಷತೆ, ಎತ್ತರದ ದನಿ.

"ಏನಮ್ಮಾ ಇದು? ಗಿರಿನಗರದಿಂದ ಒಬ್ಬರು ಮಗಳ ಮದುವೆಗೆ ಛತ್ರ ನೋಡ್ತಿದಾರೆ. ಹುಡುಗಿ ಹೆಸರು, ಹುಡುಗನ ಹೆಸರು, ಎಷ್ಟು ಜನ ಊಟಕ್ಕೆ, ಎಲ್ಲಾ ತುಂಬಿದಾರೆ. ಮುಂದಿನ ಪುಟಕ್ಕೆ ಹೋದ್ರೆ ಮತ್ತೆ 'ನೀವು ಯಾರು' ಅಂತ ಕೇಳತ್ತಂತೆ!"

ನನಗೆ ತಕ್ಷಣ ಗೊತ್ತಾಯಿತು. ಮೊದಲ ಪುಟ ಅವರಿಗೆ ಕೊಟ್ಟಿದ್ದು ಅಣ್ಣ. ಮುಂದಿನ ಪುಟಕ್ಕೆ ಹೋಗುವಾಗ ಅಣ್ಣನಿಗೆ ಕೆಲಸ ಜಾಸ್ತಿ ಇತ್ತು, ಪೆಟ್ಟಿಗೆ ಅವರನ್ನ ತಮ್ಮನ ಹತ್ತಿರ ಕಳಿಸಿತು. ಅಣ್ಣನಿಗೆ ಹೇಳಿದ್ದು ತಮ್ಮನಿಗೆ ಹೇಗೆ ಗೊತ್ತಾಗಬೇಕು? ಆದರೆ ಇದನ್ನ ಅಧ್ಯಕ್ಷರಿಗೆ ಬಿಡಿಸಿ ಹೇಳೋದು ಹೇಗೆ? ಬಾಸ್ ಇಂಗ್ಲಿಷ್‌ನಲ್ಲಿ ಏನೋ ಶುರು ಮಾಡಿದರು. ಅಧ್ಯಕ್ಷರ ಮುಖ ಇನ್ನೂ ಕೆಂಪಾಯಿತು. ನಾನು ನಡುವೆ ಬಾಯಿ ಹಾಕಿದೆ.

"ಸಾರ್, ನಿಮ್ಮ ಛತ್ರದಲ್ಲಿ ಎರಡು ಊಟದ ಹಾಲಿದೆ ಅಂದ್ಕೊಳಿ. ಒಬ್ಬರು ಮೊದಲನೇ ಹಾಲಲ್ಲಿ ಕೂತು ಉಪ್ಪು, ಕೋಸಂಬರಿ, ಪಲ್ಯ ಎಲ್ಲಾ ಬಡಿಸ್ಕೊಂಡು ಸಾರಿನವರೆಗೂ ಬಂದಿದಾರೆ. ಅಲ್ಲಿ ಗಲಾಟೆ ಜಾಸ್ತಿ ಆಯ್ತು ಅಂತ ಅವರನ್ನ ಎಬ್ಬಿಸಿ ಎರಡನೇ ಹಾಲಿಗೆ ಕಳಿಸಿದ್ರೆ ಏನಾಗತ್ತೆ?"

"ಏನಾಗತ್ತೆ? ಹೊಸಾ ಎಲೆ ಹಾಕ್ತಾರೆ. ಮತ್ತೆ ಉಪ್ಪಿನಿಂದ ಶುರು."

"ಅದೇ ಆಗಿರೋದು ಸಾರ್."

ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತರು. ಛತ್ರದವರಿಗೆ ಊಟದ ಭಾಷೆಯಲ್ಲಿ ಹೇಳಿದರೆ ಅರ್ಥವಾಗದ್ದು ಪ್ರಪಂಚದಲ್ಲಿಲ್ಲ. "ಎಲೆ ಮುಂದೆ ಕೂತವರನ್ನ ಎಬ್ಬಿಸೋದು ಮಹಾಪಾಪ ಕಣಮ್ಮಾ. ನೂಕುನುಗ್ಗಲು ಎಷ್ಟೇ ಇರ್ಲಿ. ಕೂತವರು ಪಾಯಸ ಮುಗಿಸೇ ಏಳ್ಬೇಕು" ಅಂದರು.

"ಇನ್ಮೇಲೆ ಹಾಗೇ ಆಗತ್ತೆ ಸಾರ್. ಯಾರು ಎಲ್ಲಿ ಕೂತ್ರೋ ಅಲ್ಲೇ ಊಟ. ಇದು ನನ್ನ ಮಾತು" ಅಂದೆ. ನಮ್ಮಮ್ಮ ನನ್ನನ್ನ ತ್ಯಾಗರಾಜನಗರಕ್ಕೇ ಮೊದಲ ಹಠಮಾರಿ ಅಂತಿದ್ದರು. ಮಾತು ಕೊಟ್ಟ ಮೇಲೆ ಮುಗೀತು.

ಗಿರಿನಗರದವರಿಗೆ ನಾನೇ ಫೋನ್ ಮಾಡಿ ತಪ್ಪಾಯಿತು ಅಂದೆ. ನಿವೃತ್ತರು, ತಣ್ಣಗಿನ ದನಿ. "ಪರವಾಗಿಲ್ಲ ಬಿಡಿ ಮೇಡಂ. ಈಗ ತಾನೆ ಹೇಳಿದ್ದನ್ನ ಈಗ ತಾನೆ ಮರೆಯೋದು ನಮ್ಮನೇಲಿ ನಾನೊಬ್ಬನೇ ಅಂದ್ಕೊಂಡಿದ್ದೆ. ಜೊತೆಗೊಬ್ಬರು ಸಿಕ್ಕಿದ್ರಲ್ಲ, ಸಂತೋಷ ಆಯ್ತು" ಅಂದರು.

ಚಿಕ್ಕಪ್ಪನ ಎದುರಾಳಿ

ಕೊಟ್ಟ ಮಾತಿನಂತೆ ವ್ಯವಸ್ಥೆ ಬದಲಾಯಿಸಿದೆ. ಪ್ರತಿ ಇಂಟರ್‌ನೆಟ್ ಲೈನಿಗೂ ಒಂದು ವಿಳಾಸ ಇರತ್ತೆ. ಆ ವಿಳಾಸ ನೋಡಿ, ಮೊದಲು ಅಣ್ಣನ ಹತ್ತಿರ ಹೋದವರು ಕೊನೆವರೆಗೂ ಅಣ್ಣನ ಹತ್ತಿರವೇ ಹೋಗಲಿ ಅಂತ ಪೆಟ್ಟಿಗೆಗೆ ಹೇಳಿಕೊಟ್ಟೆ. ಸಖತ್ ಕೆಲಸ ಮಾಡಿದೆ ಅಂದುಕೊಂಡು ಕಾಫಿ ಕುಡಿದೆ.

ಒಂದು ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಯವನು ಕೂಗಿಕೊಂಡ. "ಮೇಡಂ, ಅಣ್ಣಾ ಏದುಸಿರು ಬಿಡಾಕತ್ತಾನ್ರೀ! ತಮ್ಮಾ ನೋಡ್ರಿ, ಆರಾಮ ಕುಂತಾನ!"

ಹೌದು. ಇದ್ದಬದ್ದ ಜನವೆಲ್ಲ ಅಣ್ಣನ ಮೇಲೆ ಬಿದ್ದಿದ್ದರು. ನೋಡಿದರೆ ಎಲ್ಲಾ ಒಂದೇ ವಿಳಾಸದಿಂದ. ಬಾಸ್‌ಗೆ ಗಾಬರಿ. "ಯಾರೋ ಹ್ಯಾಕರ್ಸು ಕಣ್ರೀ! ಪೊಲೀಸಿಗೆ ಹೇಳೋಣ್ವಾ?"

ಆ ವಿಳಾಸ ಹುಡುಕಿಕೊಂಡು ಹೋದರೆ ಅದು ಬಿಟಿಎಂನ ಒಂದು ಸೈಬರ್ ಕೆಫೆ. ಹುಬ್ಬಳ್ಳಿಯವನ ರೂಮಿನ ಪಕ್ಕದ ರಸ್ತೆ. "ನಡೀರಿ, ಹೋಗಿ ನೋಡ್ಕೊಂಡು ಬರೂಣು" ಅಂದ. ಆಟೋ ಹಿಡಿದು ಹೋದೆವು.

ಒಳಗೆ ಕಾಲಿಟ್ಟರೆ ಹ್ಯಾಕರ್ ಇಲ್ಲ, ಪೂರಾ ಒಂದು ಮದುವೆ ಮನೆ! ಮಲ್ಲಿಗೆ ಹೂವಿನ ಘಮ. ಎಲ್ಲಾ ಕಂಪ್ಯೂಟರ್ ಮುಂದೆಯೂ ಒಂದೇ ಕುಟುಂಬದ ಜನ. ಹುಡುಗಿಯ ಅಪ್ಪ, ಚಿಕ್ಕಪ್ಪ, ಅತ್ತೆ, ಮಾವ, ಸೋದರಮಾವನ ಹೆಂಡತಿ. ಒಬ್ಬರು ಒತ್ತಿದರೆ ಸಿಗುತ್ತೋ ಇಲ್ಲವೋ, ಎಲ್ಲರೂ ಒಟ್ಟಿಗೆ ಒತ್ತಿದರೆ ಯಾರಿಗಾದರೂ ಒಬ್ಬರಿಗೆ ಸಿಕ್ಕೇ ಸಿಗುತ್ತೆ ಅನ್ನೋದು ಅವರ ಲೆಕ್ಕ. ಎಲ್ಲರಿಗೂ ಬೇಕಾದದ್ದು ಅದೇ ಛತ್ರ, ಅದೇ ದಿನ. ಇಡೀ ಕೆಫೆಗೆ ಲೈನು ಒಂದೇ, ವಿಳಾಸ ಒಂದೇ. ಹಾಗಾಗಿ ಇಡೀ ದಿಬ್ಬಣ ಅಣ್ಣನ ಹೆಗಲೇರಿತ್ತು.

ಅಷ್ಟರಲ್ಲಿ ಚಿಕ್ಕಪ್ಪ ಮೇಜು ಗುದ್ದಿದರು. "ಥತ್! 'ಈ ದಿನವನ್ನು ಬೇರೊಬ್ಬರು ಕಾದಿರಿಸುತ್ತಿದ್ದಾರೆ' ಅಂತ ಬಂತು! ಯಾವನೋ ಅವನು ನಮಗೆ ಅಡ್ಡ ಬಂದೋನು? ಅವನ ಮನೆ ಹಾಳಾಗ!"

ಪಕ್ಕದ ಕಂಪ್ಯೂಟರ್‌ನಲ್ಲಿದ್ದ ಅತ್ತೆ ಹಿಗ್ಗಿನಿಂದ ತಿರುಗಿದರು. "ಲೋ, ನನಗೆ ಸಿಗ್ತಾ ಇದೆ ಕಣೋ!"

ಚಿಕ್ಕಪ್ಪ ಅಕ್ಕನ ಮುಖ ನೋಡಿ, "ಶಾಪ ವಾಪಸ್ ತಗೊಳೋಕೆ ಇದರಲ್ಲಿ ಯಾವ ಬಟನ್ ಒತ್ತಬೇಕು?" ಅಂದರು.

ಊಟದ ಹಾಲಿನ ಫೋಟೋ

ಆಮೇಲೆ ವಿಳಾಸ ನೋಡೋದು ಬಿಟ್ಟೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಟೋಕನ್ ಕೊಡ್ತಾರಲ್ಲ, ಹಾಗೆ ಬಂದ ಪ್ರತಿಯೊಬ್ಬರ ಕಂಪ್ಯೂಟರಿಗೂ ಒಂದೊಂದು ಗುರುತು ಕೊಡೋ ಹಾಗೆ ಮಾಡಿದೆ. ಯಾವ ಟೋಕನ್ ಅಣ್ಣಂದು, ಯಾವುದು ತಮ್ಮಂದು ಅಂತ ಪೆಟ್ಟಿಗೆ ನೆನಪಿಟ್ಟುಕೊಳ್ಳೋದು. ಕೆಫೆಯ ದಿಬ್ಬಣವೂ ಈಗ ಸರಿಯಾಗಿ ಎರಡು ಭಾಗವಾಯಿತು.

ಇನ್ನೊಂದು ನಿಯಮ ಇತ್ತು. ಛತ್ರ, ದಿನ ಆರಿಸಿಕೊಂಡವರ ಹೆಸರಿಗೆ ಆ ದಿನವನ್ನ ಹಿಡಿದಿಡ್ತಿದ್ದೆವು. ಅವರು ಕೊನೆಯ ಪುಟದಲ್ಲಿ 'ಖಚಿತ' ಅನ್ನೋ ಬಟನ್ ಒತ್ತಿದರೆ ಛತ್ರ ಅವರದು. ಏನೂ ಮಾಡದೆ ತುಂಬಾ ಹೊತ್ತು ಸುಮ್ಮನೆ ಕೂತರೆ, ಎದ್ದು ಹೋದರು ಅಂತ ತಿಳಿದು ದಿನವನ್ನ ಬೇರೆಯವರಿಗೆ ಬಿಟ್ಟುಕೊಡ್ತಿದ್ದೆವು.

ಹೊಸ ದಿನಗಳನ್ನ ಬಿಡ್ತಿದ್ದದ್ದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಶುಕ್ರವಾರ ಒಳ್ಳೇ ದಿನ ಅಂತ ಸಂಘದವರ ಆಸೆ. ಹತ್ತಕ್ಕೆ ಜನ ದಡದಡ ಅಂತ ಬರೋರು, ಛತ್ರ ಹಿಡಿಯೋರು, ಎಲ್ಲಾ ತುಂಬೋರು, ಆಮೇಲೆ 'ಖಚಿತ' ಒತ್ತದೆ ಹಾಗೇ ಕೂತಿರೋರು! ಅದೂ ಸುಮ್ಮನೆ ಅಲ್ಲ. ಆಗಾಗ ಊಟದ ಹಾಲಿನ ಫೋಟೋ ತೆರೆದು ನೋಡೋರು. ಮತ್ತೆ ಮತ್ತೆ ಅದೇ ಫೋಟೋ. ಮಂಟಪದ ಫೋಟೋ ಯಾರಿಗೂ ಬೇಡ.

ಬಾಸ್ ಖುಷಿಯಾಗಿಬಿಟ್ಟರು. "ನೋಡಿದ್ರೇನ್ರೀ? ನಮ್ಮ ಜನಕ್ಕೆ ಊಟ ಮುಖ್ಯ! ಇಷ್ಟು ಸಣ್ಣ ಫೋಟೋಗೇ ಹೀಗೆ ಮುಗಿಬಿದ್ರೆ, ಭರ್ಜರಿ ಫೋಟೋ ಹಾಕಿದ್ರೆ ಹೇಗೆ?"

ಸರಿ, ಫೋಟೋಗ್ರಾಫರ್ ಬಂದ. ಸಾಲಾಗಿ ಬಾಳೆಎಲೆ ಹಾಸಿ, ಹೋಳಿಗೆ, ಚಿತ್ರಾನ್ನ, ಆಂಬೊಡೆ ಬಡಿಸಿ, ಅಧ್ಯಕ್ಷರನ್ನೇ ಮೊದಲ ಎಲೆಯ ಮುಂದೆ ಕೂರಿಸಿ ಫೋಟೋ ತೆಗೆಸಿದರು. ಅದನ್ನ ದೊಡ್ಡದಾಗಿ ಸೈಟಿಗೆ ಏರಿಸಿದೆವು. ಆಗ ಮನೆಮನೆಯಲ್ಲೂ ಫೋನ್ ಲೈನಿನ ಇಂಟರ್‌ನೆಟ್ಟು. ಫೋಟೋ ತೆರೆಯೋದು ಅಂದರೆ ಮೊದಲು ಅಧ್ಯಕ್ಷರ ತಲೆ ಬರಬೇಕು, ಆಮೇಲೆ ಹಣೆ, ಆಮೇಲೆ ನಿಧಾನಕ್ಕೆ ಮೂಗು.

ಮುಂದಿನ ಶುಕ್ರವಾರ ಬನಶಂಕರಿಯಿಂದ ಒಬ್ಬ ಆಂಟಿ ಫೋನ್ ಮಾಡಿ ಝಾಡಿಸಿದರು. "ಹಳೇ ಫೋಟೋ ಯಾಕ್ರೀ ತೆಗೆದ್ರಿ? ಎಷ್ಟು ಬೇಗ ತೆರೀತಿತ್ತು!"

ಬಾಸ್ ಫೋನ್ ಇಸಿದುಕೊಂಡು, "ಮೇಡಂ, ಹೊಸಾದು ಇನ್ನೂ ಚೆನ್ನಾಗಿದೆ ಅಲ್ವಾ? ಹೋಳಿಗೆ ನೋಡಿದ್ರಾ?" ಅಂದರು.

"ಅಯ್ಯೋ, ಹೋಳಿಗೆ ಯಾರಿಗೆ ಬೇಕ್ರೀ? ಸುಮ್ನೆ ಕೂತಿದ್ರೆ ನಿಮ್ಮ ಸೈಟು ಆಚೆ ತಳ್ಳತ್ತೆ. ತಳ್ಳದೇ ಇರ್ಲಿ ಅಂತ ಆಗಾಗ ಏನಾದ್ರೂ ಒತ್ತಬೇಕು. ಎಲ್ಲಕ್ಕಿಂತ ಚಿಕ್ಕ ಫೋಟೋ ಅದೇ ಅಂತ ಒತ್ತುತಿದ್ವಿ. ಈಗ ಈ ಯಜಮಾನ್ರ ಮೂಗು ಬರೋದ್ರೊಳಗೆ ನನ್ನ ಛತ್ರ ಹೋಯ್ತು!"

ಅಳಿಯ ಬಂದ

ಹಳೇ ಫೋಟೋ ವಾಪಸ್ ಬಂತು. ಆದರೆ ಜನ ಛತ್ರ ಹಿಡಿದುಕೊಂಡು ಯಾಕೆ ಕಾಯ್ತಾರೆ ಅನ್ನೋದು ಮಾತ್ರ ಬಗೆಹರಿಯಲಿಲ್ಲ. ಅಷ್ಟರಲ್ಲಿ ಆಷಾಢ ಮುಗಿದು ಶ್ರಾವಣ ಬಂತು. ಆಷಾಢದಲ್ಲಿ ಮದುವೆ ಮಾತೇ ಎತ್ತದೆ ಬಾಯಿ ಕಟ್ಟಿಕೊಂಡಿದ್ದ ಜನ, ಮೊದಲ ಶುಕ್ರವಾರವೇ ಪ್ರವಾಹದ ಹಾಗೆ ನುಗ್ಗಿದರು. ಅಣ್ಣ, ತಮ್ಮ ಇಬ್ಬರೂ ಬಸವಳಿದರು. ಇದ್ದಕ್ಕಿದ್ದ ಹಾಗೆ ಮೂರನೇ ಸರ್ವರ್ ಬೇಕಾಯಿತು. ಬಾಸ್ ತಮ್ಮ ಕ್ಯಾಬಿನ್‌ನ ಕಂಪ್ಯೂಟರನ್ನೇ ಕೊಟ್ಟರು. ಅದನ್ನ ಸೇರಿಸಿದೆವು.

ಸೇರಿಸಿದರೆ ಅದಕ್ಕೆ ಕೆಲಸವೇ ಇಲ್ಲ! ಒಳಗಿದ್ದವರ ಕೈಯಲ್ಲೆಲ್ಲ ಅಣ್ಣನ ಟೋಕನ್, ತಮ್ಮನ ಟೋಕನ್. ಅವರು ಅಲ್ಲೇ ಅಂಟಿಕೊಂಡಿದ್ದರು. ಹೊಸದಾಗಿ ಬಂದ ಒಬ್ಬಿಬ್ಬರು ಮಾತ್ರ ಇದರ ಪಾಲಿಗೆ. ಹುಬ್ಬಳ್ಳಿಯವನು ಅದಕ್ಕೂ ಹೆಸರಿಟ್ಟ. "ಇವಗ ಅಳಿಯ ಅನ್ನೂಣ್ರೀ. ಬಂದಾನ, ಫ್ಯಾನಿನ ಕೆಳಗ ಕುಂತಾನ, ಅಣ್ಣ ತಮ್ಮ ಸಾಯಾಕತ್ತಾರ, ಇವಗೇನೂ ಸಂಬಂಧ ಇಲ್ಲ."

ಬಾಸ್‌ಗೆ ತಮ್ಮ ಕಂಪ್ಯೂಟರ್ ಸುಮ್ಮನೆ ಕೂತಿರೋದು ನೋಡಿ ತಡೆಯಲಿಲ್ಲ. "ಪೆಟ್ಟಿಗೇನ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಎಲ್ಲಾರ್ನೂ ಹೊಸದಾಗಿ ಹಂಚಲಿ."

"ಬೇಡ ಸಾರ್. ಯಾರ ಟೋಕನ್ ಯಾರದು ಅನ್ನೋದು ಪೆಟ್ಟಿಗೆ ತಲೇಲಿರೋದು. ಆಫ್ ಮಾಡಿದ್ರೆ ಎಲ್ಲಾ ಮರೆಯತ್ತೆ. ಒಳಗಿರೋರು ಪೂರ್ತಿ ಆಚೆ ಬೀಳ್ತಾರೆ."

"ಬೀಳ್ಲಿ ಬಿಡ್ರೀ. ಒಂದು ಗಂಟೆಯಿಂದ ಯಾರಾದ್ರೂ ಏನಾದ್ರೂ ಮಾಡ್ತಿದಾರಾ? ಸುಮ್ನೆ ಊಟದ ಹಾಲ್ ನೋಡ್ಕೊಂಡು ಕೂತಿದಾರೆ. ಆಸಕ್ತಿ ಇರೋ ಜನಾನೇ ಅಲ್ಲ."

"ಆಗಲ್ಲ ಸಾರ್. ನಾನು ಮುಟ್ಟಲ್ಲ."

"ನೀವು ಮುಟ್ಟಬೇಡಿ. ಇದು ನನ್ನ ಆಫೀಸು, ನಾನೇ ಒತ್ತುತೀನಿ" ಅಂತ ಎದ್ದವರು, ಗಡಿಯಾರ ನೋಡಿ ಮತ್ತೆ ಕೂತರು. "ಈಗ ಬೇಡ. ಹನ್ನೆರಡಾಗ್ಲಿ."

ಹನ್ನೆರಡು ಹೊಡೀತು. ಬಾಸ್ ಭಕ್ತಿಯಿಂದ ಕಣ್ಣು ಮುಚ್ಚಿ ಆಫ್ ಮಾಡಿದರು, ಆನ್ ಮಾಡಿದರು. ಅಷ್ಟೇ. ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಬಯ್ಗುಳವೋ ಬಯ್ಗುಳ. ಜಯನಗರದವರು ಸಂಸ್ಕೃತ ಸೇರಿಸಿ ಬೈದರು, ಸಿದ್ದಾಪುರದವರು ನೇರವಾಗಿ ಬೈದರು.

ಗಲಾಟೆ ಇಳಿದ ಮೇಲೆ ಹುಬ್ಬಳ್ಳಿಯವನು ಸರ್ವರ್‌ನ ದಾಖಲೆ ತೆಗೆದ. "ಮೇಡಂ, ಇಲ್ನೋಡ್ರಿ. ಎಲ್ಲಾರೂ ಹನ್ನೆರಡಕ್ಕ ಕರೆಕ್ಟಾಗಿ 'ಖಚಿತ' ಒತ್ಯಾರ. ಬೆಳಿಗ್ಗಿಂದ ಸುಮ್ನ ಕುಂತೋರು ಹನ್ನೆರಡಕ್ಕ ಯಾಕ್ರೀ ಒತ್ತಿದ್ರು?"

ನಾನು ಬಾಸ್ ಕಡೆ ತಿರುಗಿದೆ. "ಸಾರ್, ನೀವು ಯಾಕೆ ಹನ್ನೆರಡಕ್ಕೆ ಒತ್ತಿದ್ರಿ?"

"ಶುಕ್ರವಾರ ಅಲ್ವೇನ್ರೀ? ಹತ್ತೂವರೆಯಿಂದ ಹನ್ನೆರಡು ರಾಹು..." ಅನ್ನುತ್ತಿದ್ದವರು ಬಾಯಿ ಮುಚ್ಚಿದರು. ಮೂವರೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆವು. ಹುಟ್ಟಿದಾಗಿನಿಂದ ಮನೆಯಲ್ಲಿ ನೋಡಿಕೊಂಡು ಬಂದ ರಾಹುಕಾಲವನ್ನ ಆಫೀಸಿನಲ್ಲೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಹತ್ತಕ್ಕೆ ಛತ್ರ ಬಿಟ್ಟರೆ ಜನ ಹಿಡಿದುಕೊಳ್ತಾರೆ, ಎಲ್ಲಾ ಪುಟ ತುಂಬೋ ಹೊತ್ತಿಗೆ ಹತ್ತೂವರೆ ದಾಟಿರತ್ತೆ, ಮದುವೆ ವಿಷಯ ರಾಹುಕಾಲದಲ್ಲಿ ಖಚಿತ ಮಾಡ್ತಾರಾ? ಹನ್ನೆರಡರವರೆಗೂ ಕಾದು, ಎಲ್ಲರೂ ಒಂದೇ ಸಲ ಒತ್ತುತ್ತಾರೆ. ನಾವೂ ಅದೇ ಹೊತ್ತಿಗೆ ಕಾದು ಅವರನ್ನೆಲ್ಲ ಆಚೆ ತಳ್ಳಿದ್ದೆವು.

ಸಂಜೆ ಅಧ್ಯಕ್ಷರು ಬಂದರು. ಈ ಸಲ ಕೂಗಾಡಲಿಲ್ಲ. ಅದೇ ಭಯವಾಯಿತು. "ಮುಂದಿನ ಶುಕ್ರವಾರ ಇನ್ನೊಂದಷ್ಟು ದಿನ ಬಿಡ್ತೀವಿ. ಅವತ್ತು ಒಳಗೆ ಕೂತೋರಲ್ಲಿ ಒಬ್ಬರು, ಒಬ್ಬೇ ಒಬ್ಬರು ಆಚೆ ಬಿದ್ರೂ ಕಾಂಟ್ರಾಕ್ಟ್ ಅಲ್ಲಿಗೇ ಮುಗೀತು" ಅಂದರು. ಬಾಗಿಲವರೆಗೂ ಹೋಗಿ ತಿರುಗಿದರು. "ಪಾಪ, ರಾಹು ಹೋಗ್ಲಿ ಅಂತ ಕಾದು ಕೂತಿದ್ರು ಜನ. ಹನ್ನೆರಡಕ್ಕೆ ಸರಿಯಾಗಿ ನಿಮ್ಮ ಆಫೀಸಿಂದಾನೇ ಬಂದ್ನಲ್ರೀ!"

ಒಳಗೆ ಕೂತವರು ಯಾರು

ಆ ವಾರ ನಾನು ಹಲ್ಲು ಕಚ್ಚಿ ಕೆಲಸ ಮಾಡಿದೆ. ಕುಕ್ಕರ್ ಮಾರೋ ಆಸೆ ನನಗಂತೂ ಇರಲಿಲ್ಲ. ಅಳಿಯನನ್ನ ಗುರುವಾರವೇ ಸೇರಿಸಿ, ಹತ್ತು ಗಂಟೆಗೆ ಮೊದಲ ಗಿರಾಕಿ ಬರುವಾಗಲೇ ಮೂವರೂ ಸಿದ್ಧವಾಗಿ ನಿಂತಿರೋ ಹಾಗೆ ಮಾಡಿದೆ. ರಾಹುಕಾಲ ದಾಟುವವರೆಗೂ ಸುಮ್ಮನೆ ಕೂತವರನ್ನ ತಳ್ಳಬಾರದು ಅಂತ ನಿಯಮ ಬದಲಾಯಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂವರ ಹತ್ತಿರವೂ ಜಾಗ ತುಂಬಿದ ಮೇಲೆ ಹೊಸಬರನ್ನ ಒಳಗೆ ಬಿಡೋದೇ ಇಲ್ಲ. ಅವರಿಗೆ ಒಂದು ಪುಟ ಕಾಣತ್ತೆ: 'ಒಳಗೆ ಕೂತವರು ಮುಗಿಸಲಿ. ದಯವಿಟ್ಟು ಕಾಯಿರಿ.' ಬಾಸ್‌ಗೆ ಅದು ಸೇರಲಿಲ್ಲ. ಬಂದ ಗಿರಾಕಿಯನ್ನ ಬಾಗಿಲಲ್ಲಿ ನಿಲ್ಲಿಸೋದಾ? ಅನ್ನೋದು ಅವರ ವಾದ. "ಸಾರ್, ಬಾಗಿಲಲ್ಲಿ ನಿಂತೋರು ಬೈತಾರೆ. ಎಲೆಯಿಂದ ಎಬ್ಬಿಸಿದೋರು ಶಾಪ ಹಾಕ್ತಾರೆ. ಯಾವುದು ಬೇಕು?" ಅಂದೆ.

ಶುಕ್ರವಾರ ಬಂತು. ಹತ್ತಕ್ಕೆ ಜನ ನುಗ್ಗಿದರು. ಅಣ್ಣ, ತಮ್ಮ, ಅಳಿಯ ಮೂವರೂ ತುಂಬಿದರು. ಬಾಗಿಲು ಹಾಕಿಕೊಂಡಿತು. ಒಳಗಿದ್ದವರೆಲ್ಲ ಛತ್ರ ಹಿಡಿದುಕೊಂಡು ಹನ್ನೆರಡಕ್ಕೆ ಕಾಯುತ್ತಾ ಕೂತರು. ಹುಬ್ಬಳ್ಳಿಯವನು ಪ್ರದಕ್ಷಿಣೆ ಹಾಕುವವನ ಹಾಗೆ ಸರ್ವರ್‌ಗಳ ಸುತ್ತ ತಿರುಗುತ್ತಿದ್ದ. "ಯಾರೂ ಬಿದ್ದಿಲ್ರೀ ಮೇಡಂ. ಒಬ್ಬರೂ ಬಿದ್ದಿಲ್ಲ."

ಹನ್ನೊಂದೂವರೆ ಇರಬೇಕು. ಮೆಟ್ಟಿಲ ಮೇಲೆ ಅಧ್ಯಕ್ಷರ ಚಪ್ಪಲಿ ಸದ್ದು.

"ಸುಮ್ನೆ ನೋಡೋಣ ಅಂತ ಬಂದೆ" ಅಂದರು. ಮುಖ ಮಾತ್ರ ಸುಮ್ಮನೆ ನೋಡೋರ ಮುಖದ ಹಾಗಿರಲಿಲ್ಲ. ಒಂದು ಖಾಲಿ ಕಂಪ್ಯೂಟರ್ ಮುಂದೆ ಕೂತು, ಕನ್ನಡಕ ಏರಿಸಿ, ತಮ್ಮ ಸೈಟು ತೆರೆದರು. 'ಒಳಗೆ ಕೂತವರು ಮುಗಿಸಲಿ. ದಯವಿಟ್ಟು ಕಾಯಿರಿ.'

"ಇದೇನಮ್ಮಾ? ನನಗೇ ಕಾಯಿರಿ ಅಂತಿದೆ?"

"ಒಳಗೆ ತುಂಬಿದೆ ಸಾರ್."

"ನಾನು ಅಧ್ಯಕ್ಷ."

"ಅದು ಸರ್ವರ್‌ಗೆ ಗೊತ್ತಿಲ್ಲ ಸಾರ್."

ಅವರು ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನ ನನ್ನ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. ಅಧ್ಯಕ್ಷರ ದನಿ ತಗ್ಗಿದ್ದನ್ನ ನಾನು ಕೇಳಿದ್ದು ಅದೇ ಮೊದಲು. ವಿಷಯ ಹೀಗಿತ್ತು. ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ಬೀಗರು ಅಧ್ಯಕ್ಷರ ಛತ್ರ ನೋಡಿಕೊಂಡು ಹೋಗಿ, ಮೆಟ್ಟಿಲು ಜಾಸ್ತಿ, ನಮ್ಮ ಅಜ್ಜಿಗೆ ಹತ್ತೋಕಾಗಲ್ಲ, ಬನಶಂಕರಿಯ ಆ ದೊಡ್ಡ ಛತ್ರವೇ ಆಗಬೇಕು ಅಂದಿದ್ದರು. ಛತ್ರದ ಸಂಘದ ಅಧ್ಯಕ್ಷರು ಸ್ವಂತ ಛತ್ರ ಬಿಟ್ಟು ಇನ್ನೊಬ್ಬರ ಛತ್ರದಲ್ಲಿ ಮಗಳ ಮದುವೆ ಮಾಡೋದೇ? ಅದನ್ನ ಸಂಘದವರ ಹತ್ತಿರ ಬಾಯಿಬಿಟ್ಟು ಕೇಳೋದೇ? ಅದಕ್ಕೇ ಗುಟ್ಟಾಗಿ ಸೈಟಿನಲ್ಲೇ ಹಿಡಿಯೋಣ ಅಂತ ಬಂದಿದ್ದರು.

"ಆ ಛತ್ರ ಖಾಲಿ ಇದ್ಯಾ ನೋಡಮ್ಮಾ" ಅಂದರು. ನೋಡಿದೆ. ಆ ಛತ್ರ, ಆ ದಿನ, ಹತ್ತು ಗಂಟೆಗೇ ಯಾರೋ ಹಿಡಿದುಕೊಂಡಿದ್ದರು.

"ಹತ್ತು ಗಂಟೆಯಿಂದ ಹಿಡ್ಕೊಂಡು ಸುಮ್ನೆ ಕೂತಿದಾರಾ? ಎಬ್ಬಿಸಮ್ಮ ಅವರನ್ನ."

"ಆಗಲ್ಲ ಸಾರ್."

"ಒಬ್ಬರು ತಾನೇ?"

"ಒಬ್ಬೇ ಒಬ್ಬರು ಬಿದ್ರೂ ಅಂತ ನೀವೇ ಹೇಳಿದ್ದು ಸಾರ್."

ಬಾಸ್ ಅವರ ಬೆನ್ನ ಹಿಂದೆ ನಿಂತು ನನಗೆ ಕಣ್ಸನ್ನೆ ಮಾಡುತ್ತಿದ್ದರು. ಮೊದಲು ಕಣ್ಣಲ್ಲಿ, ಆಮೇಲೆ ಕೈಯಲ್ಲಿ, ಕೊನೆಗೆ ಎರಡೂ ಕೈ ಮುಗಿದು. ಹುಬ್ಬಳ್ಳಿಯವನು ಕಿವಿಯ ಹತ್ತಿರ ಬಂದು, "ಮೇಡಂ, ಒಬ್ಬರಿಗೆ ಏನಾಕ್ಕೈತ್ರೀ, ಒತ್ತಿಬಿಡ್ರಿ" ಅಂದ. ಆಸೆ ಆಗಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ. ಒತ್ತಿದರೆ ಕಾಂಟ್ರಾಕ್ಟ್ ಉಳಿಯತ್ತೆ. ಆ ಕಡೆ ಯಾರದೋ ಮನೆಯಲ್ಲಿ, ಯಾರೋ ಮಗಳ ಮದುವೆ ಅಂತ ಬೆಳಿಗ್ಗೆಯಿಂದ ಗಡಿಯಾರ ನೋಡಿಕೊಂಡು ಕೂತಿದ್ದಾರೆ. ಅವರ ಹೆಸರು ನೋಡಬಹುದಿತ್ತು. ನೋಡಿದರೆ ಮನಸ್ಸು ಆ ಕಡೆ ಈ ಕಡೆ ಆಗುತ್ತೆ ಅಂತ ನೋಡಲೇ ಇಲ್ಲ.

"ಸಾರ್, ಕಾಂಟ್ರಾಕ್ಟ್ ಕಿತ್ಕೊಳ್ಳಿ, ಪರವಾಗಿಲ್ಲ. ಕೂತೋರನ್ನ ನಾನು ಎಬ್ಬಿಸಲ್ಲ" ಅಂದೆ.

ಬಾಸ್ ಗೋಡೆ ಹಿಡಿದುಕೊಂಡರು. ಅಧ್ಯಕ್ಷರ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. "ಕಿತ್ಕೊಳ್ಳದೆ ಬಿಡ್ತೀನಾ? ಇವತ್ತೇ ಕಿತ್ಕೋತೀನಿ! ಹನ್ನೆರಡಾಗ್ಲಿ, ನೋಡಿ!" ಅಂದರು. ಅವರಿಗೂ ರಾಹುಕಾಲ ಕಳೀಬೇಕು.

ನಾಲ್ಕೂ ಜನ ಗಡಿಯಾರ ನೋಡಿಕೊಂಡು ಕೂತೆವು. ಹನ್ನೆರಡು ಹೊಡೀತು. ಪರದೆಯ ಮೇಲೆ 'ಖಚಿತ', 'ಖಚಿತ', 'ಖಚಿತ' ಅಂತ ಸಾಲು ಸಾಲಾಗಿ ಬಂತು. ಅಣ್ಣ ತಡೆದುಕೊಂಡ. ತಮ್ಮ ತಡೆದುಕೊಂಡ. ಅಳಿಯನೂ ಮರ್ಯಾದೆಯಾಗಿ ದುಡಿದ. ಒಬ್ಬರೂ ಆಚೆ ಬೀಳಲಿಲ್ಲ. ಬನಶಂಕರಿಯ ದೊಡ್ಡ ಛತ್ರವೂ ಖಚಿತವಾಗಿ ಹೋಯಿತು.

"ಹೋಯ್ತು" ಅಂದರು ಅಧ್ಯಕ್ಷರು. ಸಿಟ್ಟೆಲ್ಲ ಇಳಿದು ಬರೀ ಒಬ್ಬ ಅಪ್ಪ ಉಳಿದಿದ್ದರು. "ಬೀಗರಿಗೆ ಏನು ಹೇಳ್ಲಿ? ಮನೇಲಿ ಏನು ಹೇಳ್ಲಿ? ಛತ್ರದ ವಿಷಯ ನಾನು ನೋಡ್ಕೋತೀನಿ ಅಂತ ಹೇಳಿದ್ದೆ." ನನಗೆ ನಿಜಕ್ಕೂ ಪಾಪ ಅನ್ನಿಸಿತು. ಆದರೂ ಒತ್ತಲಿಲ್ಲವಲ್ಲ ಅಂತ ಬೇಜಾರಾಗಲಿಲ್ಲ.

ಅಷ್ಟರಲ್ಲಿ ಅವರ ಜೇಬಿನ ಮೊಬೈಲ್ ಬಡಿದುಕೊಂಡಿತು. ಆ ಕಾಲದ ಮೊಬೈಲು, ಒಬ್ಬರು ಕಿವಿಗಿಟ್ಟುಕೊಂಡರೆ ನಾಲ್ಕು ಜನಕ್ಕೆ ಕೇಳಿಸೋದು. ಅವರ ಮನೆಯವರ ದನಿ, ಅಧ್ಯಕ್ಷರ ದನಿಗಿಂತ ಒಂದು ಕೈ ಮೇಲೆ.

"ರೀ, ಬನಶಂಕರಿ ಛತ್ರ ಸಿಕ್ತು ಕಣ್ರೀ! ಈಗ ತಾನೆ ಖಚಿತ ಆಯ್ತು! ನೀವು ನೋಡ್ಕೋತೀನಿ ಅಂದ ಮೇಲೆ ನಾನೇ ನೋಡ್ಕೊಳ್ಳದೆ ವಿಧಿ ಇದ್ಯಾ? ಹತ್ತು ಗಂಟೆಗೇ ಹಿಡಿದು, ರಾಹುಕಾಲ ಕಳೀಲಿ ಅಂತ ಅಲ್ಲಾಡದೆ ಕೂತಿದ್ದೆ. ಎಷ್ಟು ಒಳ್ಳೇ ಜನಾರೀ ನಿಮ್ಮ ಸೈಟಿನೋರು! ಒಂದ್ಸಲಾನೂ ನನ್ನ ಎಬ್ಬಿಸ್ಲಿಲ್ಲ!"

ಅಧ್ಯಕ್ಷರು ಮೊಬೈಲನ್ನ ನಿಧಾನಕ್ಕೆ ಜೇಬಿಗೆ ಇಳಿಸಿದರು. ಬಾಸ್ ಮುಖ ನೋಡಿದರು. ಹುಬ್ಬಳ್ಳಿಯವನ ಮುಖ ನೋಡಿದರು. ಕೊನೆಗೆ ನನ್ನ ಹತ್ತಿರ ಬಂದು, ತಗ್ಗಿದ ದನಿಯನ್ನ ಇನ್ನೂ ತಗ್ಗಿಸಿದರು.

"ನಾನು ಎಬ್ಬಿಸು ಅಂದಿದ್ದು ನಮ್ಮನೆಯವಳಿಗೆ ಗೊತ್ತಾಗಬಾರದು ಕಣಮ್ಮಾ. ಕಾಂಟ್ರಾಕ್ಟ್ ಎಷ್ಟು ವರ್ಷಕ್ಕೆ ಬೇಕು, ನೀನೇ ಹೇಳಿಬಿಡು."